ಒಣ ಕಣ್ಣಿನವನ ಕಣ್ಣೀರು

ನನಗೆ ಸಿಟ್ಟು ಬಂದಾಗ ಜನ ನಗುವುದು ಹೊಸದಲ್ಲ. ಆದರೆ ಕಳೆದ ಬೇಸಿಗೆಯಿಂದ ನಾನು ಸಿಟ್ಟಿಗೆದ್ದರೆ ಸಾಕು, ಬೆನ್ನು ಸವರಿ ಸಮಾಧಾನ ಹೇಳಲು ಶುರು ಮಾಡಿದ್ದಾರೆ. ಎಲ್ಲ ಈ ದರಿದ್ರ ಕಣ್ಣಿನಿಂದ. ಕೆಳಗಿನ ಸಂಗತಿಗಳಿಗೆ ಅಲ್ಲಲ್ಲಿ ಒಗ್ಗರಣೆ ಬಿದ್ದಿರಬಹುದು, ಆದರೆ ಸಿಟ್ಟು ಮಾತ್ರ ಅಪ್ಪಟ.

ಒಣಗಿದ್ದಕ್ಕೇ ನೀರು

ಕೇಶ್ವಾಪುರದಲ್ಲಿ ನನ್ನದೊಂದು ಸೀರೆ ಅಂಗಡಿ. ತಲೆಯ ಮೇಲೆ ಫ್ಯಾನು, ಮುಖಕ್ಕೆ ಏಸಿ, ಗಿರಾಕಿ ಇಲ್ಲದಾಗ ಕೈಯಲ್ಲಿ ಮೊಬೈಲು. ಕಣ್ಣಲ್ಲಿ ಮರಳು ಹೊಕ್ಕಂತೆ ಉರಿ, ಮೇಲೆ ದಳದಳ ನೀರು. ಹೆಂಡತಿಗೆ ಹೇಳಿದೆ. "ಮತ್ತೇನ್ ನಾಟಕ ಹಚ್ಚೀರಿ?" ಎಂದಳು. ನನ್ನ ಚೇಷ್ಟೆಗಳ ಕೂಡ ಸಂಸಾರ ಮಾಡಿದವಳು, ಗೋಡೆಯ ಮೇಲಿನ ಹಲ್ಲಿ ರಬ್ಬರಿನದೋ ಖರೇದೋ ಎಂದು ಮುಟ್ಟಿ ನೋಡಿಯೇ ಕಿರುಚುವವಳು.

ಅದೇ ಹೊತ್ತಿಗೆ ಮಗಳ ಮದುವೆಯ ಮಾತು ನಡೆದಿತ್ತು. ಹುಡುಗ ಹೆಬ್ಬಳ್ಳಿಯವನು, ಮಗಳಿಗೂ ಮನಸ್ಸಿತ್ತು. ಅವಳಿಗೆ ಧಾರವಾಡದ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹುಡುಗನ ಅಪ್ಪ ಮಾತ್ರ "ಮದಿವಿ ಆದ ಮ್ಯಾಲೆ ನೌಕರಿ ಬ್ಯಾಡ" ಎಂದು ಹೇಳಿಕಳಿಸಿದ್ದರು.

"ಅಪ್ಪಾ, ನನಗ ಹುಡುಗನೂ ಬೇಕು, ನೌಕರಿನೂ ಬೇಕು. ಅವರು ಬಂದಾಗ ನೀ ಗಟ್ಟ್ಯಾಗಿ ಮಾತಾಡಬೇಕು" ಎಂದಳು ಮಗಳು.

ಕಣ್ಣೀರು ಸುರಿಸುತ್ತ ಗಟ್ಟಿಯಾಗಿ ಮಾತಾಡುವುದು ಹೇಗೆ? ಡಾಕ್ಟರ ಹತ್ತಿರ ಓಡಿದೆ. ಅವರು ಲೈಟು ಬಿಟ್ಟು ನೋಡಿ, "ಕಣ್ಣು ಒಣಗ್ಯಾವ್ರಿ" ಎಂದರು.

ಪಿತ್ತ ನೆತ್ತಿಗೇರಿತು. "ಕರ್ಚೀಫ್ ಹಿಂಡಿದ್ರ ಲೋಟಾ ತುಂಬತೈತಿ, ಒಣಗ್ಯಾವ ಅಂತೀರಲ್ರಿ!"

"ಒಣಗಿದ್ದಕ್ಕ ನೀರು ಬರಾಕತ್ತೈತಿ. ರೆಪ್ಪಿ ಅಂಚಿನ್ಯಾಗ ಎಣ್ಣಿ ಒಸರೋ ಸಣ್ಣ ಸಣ್ಣ ತೂತು ಇರ್ತಾವ. ನಿಮ್ಮವು ಕಟ್ಟ್ಯಾವ. ಎಣ್ಣಿ ಇಲ್ಲಂದ್ರ ಕಣ್ಣಿನ ಪಸಿ ಲಗೂ ಆರತೈತಿ. ಆಗ ಉರಿ ಹತ್ತಿ, ಕಣ್ಣು ಗಾಬರಿಯಾಗಿ ನೀರು ಸುರಸ್ತೈತಿ."

ಡ್ರಾಪ್ಸ್ ಬರೆದರು. ಬಿಸಿ ಬಟ್ಟೆಯ ಕಾವು ಕೊಡಬೇಕು, ಫ್ಯಾನಿಗೆ ಮುಖ ಕೊಡಬಾರದು, ಮೊಬೈಲು ನೋಡುವಾಗ ನೆನಪಿಟ್ಟು ರೆಪ್ಪೆ ಬಡಿಯಬೇಕು. "ಮತ್ತ ಈ ಬಾಟ್ಲಿ ಇನ್ನೊಬ್ಬರಿಗೆ ಕೊಡಬ್ಯಾಡ್ರಿ."

"ಇಂಥಾದ್ದನ್ನ ಬೇಡಿ ಇಸಗೊಳ್ಳೋ ಭಿಕಾರಿ ಯಾರದಾರ್ರಿ ಊರಾಗ!" ಎಂದು ಸಿಡುಕಿ ಎದ್ದು ಬಂದೆ.

ಉಳ್ಳಾಗಡ್ಡಿ ಮಾಸ್ತರು

ಕಣ್ಣು ಒರೆಸಿಕೊಳ್ಳುವವನನ್ನು ಕಂಡರೆ ನಮ್ಮ ಊರಲ್ಲಿ ಪ್ರತಿಯೊಬ್ಬನೂ ಡಾಕ್ಟರು. ಪಕ್ಕದ ಗ್ಯಾರೇಜಿನ ಚಾಚಾ "ಜೇನುತುಪ್ಪ ಬಿಡ್ರಿ ಸಾಹೇಬ್ರ" ಎಂದರು. ಸೀರೆ ಕೊಳ್ಳಲು ಬಂದ ಅಜ್ಜಿ ಹರಳೆಣ್ಣೆ ಎಂದಳು. ಇವರನ್ನೆಲ್ಲ ಸಹಿಸಿದೆ. ಗೋಪನಕೊಪ್ಪದ ರಿಟೈರ್ಡ್ ಮಾಸ್ತರೊಬ್ಬರು ಬಂದು, "ಉಳ್ಳಾಗಡ್ಡಿ ರಸ ಬಿಡ್ರಿ, ಕೆಟ್ಟ ನೀರೆಲ್ಲಾ ಹೊರಗ ಹೋಗ್ತದ" ಎಂದಾಗ ಮಾತ್ರ ನನ್ನ ತಲೆ ಕೆಟ್ಟಿತು. ಊಟದ ಡಬ್ಬಿಯಿಂದ ಹಸಿ ಉಳ್ಳಾಗಡ್ಡಿ ತೆಗೆದು ಗುದ್ದಿ ಒಡೆದೆ.

"ಮೊದಲ ನೀವು ಬಿಟಗೊಂಡು ತೋರಸ್ರಿ ಮಾಸ್ತರ."

"ನನ್ನ ಕಣ್ಣಿಗೆ ಏನೂ ಆಗಿಲ್ಲಲ್ಲಪಾ?"

"ಒಂದ್ ಮಿನಿಟ್ ತಡೀರಿ, ಆಗತೈತಿ!"

ಮೆತ್ತನ್ನ ರೊಟ್ಟಿ

ಬಿಸಿ ನೀರಲ್ಲಿ ಅದ್ದಿದ ಬಟ್ಟೆ ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಬಟ್ಟೆ ಕಂಡುಹಿಡಿದವನನ್ನು ಬೈಯುತ್ತ ನೋಡಿದರೆ, ಹೆಂಡತಿಯ ಬುಟ್ಟಿಯಲ್ಲಿ ಆಗಷ್ಟೇ ಹಂಚಿನಿಂದ ಇಳಿದ ಜೋಳದ ರೊಟ್ಟಿ! ಕೊಂಚ ಆರಿಸಿ ಮಡಚಿ ಕಣ್ಣ ಮೇಲಿಟ್ಟುಕೊಂಡೆ. ಸ್ವರ್ಗ. ಕಾವು ಮುಗಿದ ಮೇಲೆ, ಅನ್ನ ದಂಡ ಮಾಡಬಾರದೆಂದು, ತಿರುಗಿ ಬುಟ್ಟಿಗೆ ಹಾಕಿದೆ.

ಮರುದಿನವೂ ಹಾಗೇ ಮಾಡಿದೆ. ಅವತ್ತು ಮಧ್ಯಾಹ್ನ ಹೆಂಡತಿಯ ತಮ್ಮ ಊಟಕ್ಕೆ ಬಂದ. "ಅಕ್ಕಾ, ರೊಟ್ಟಿ ಭಾಳ ಮೆತ್ತಗಾಗ್ಯಾವ ನೋಡು" ಎಂದು ಚಪ್ಪರಿಸಿದ. ಅವಳು ನನ್ನತ್ತ ತಿರುಗಿದಳು. ನನ್ನ ರೆಪ್ಪೆಯಲ್ಲಿ ಜೋಳದ ಹಿಟ್ಟು.

"ಎಷ್ಟು ರೊಟ್ಟಿ ಇಟಗೊಂಡಿದ್ರಿ?" ಎಂದು ಪಿಸುಗುಟ್ಟಿದಳು.

"ಎರಡು ಕಣ್ಣಿಗೆ ಎರಡು."

"ಅವ ನಾಕ್ ತಿಂದಾನ, ನಾಕೂ ಮೆತ್ತಗದಾವ ಅಂತಾನ!"

"ನಿನ್ನಿ ಇಟಗೊಂಡಿದ್ದ ಎರಡೂ ಬುಟ್ಟ್ಯಾಗ ಇದ್ದವಲ್ಲ."

ಸಕ್ರಿ

ಮಾತು ಗಟ್ಟಿಯಾದರೆ ನಮ್ಮಲ್ಲಿ ನಡುವಿನ ಹಿರಿಯರು ಎರಡೂ ಕಡೆಯವರ ಬಾಯಿಗೆ ಸಕ್ಕರೆ ಹಾಕುತ್ತಾರೆ. ಸಕ್ಕರೆ ಒಳಗೆ ಹೋದ ಮೇಲೆ ಯಾರೂ ಮಾತು ಹಿಂದೆ ತೆಗೆದುಕೊಳ್ಳುವಂತಿಲ್ಲ. ಹೆಬ್ಬಳ್ಳಿಯವರು ಬಂದ ದಿನ ನಮ್ಮ ಕಾಕಾ ಸಕ್ಕರೆ ತಟ್ಟೆ ಹಿಡಿದು ನಡುವೆ ಕೂತಿದ್ದರು. ಬೀಗರಿಗೆ ಸೆಕೆಯಾಗಬಾರದೆಂದು ಇದ್ದಬದ್ದ ಫ್ಯಾನೆಲ್ಲ ಹಚ್ಚಿದ್ದರು. ಒಂದು ನೇರ ನನ್ನ ಮತ್ತು ಹುಡುಗನ ಅಪ್ಪನ ಮುಖಕ್ಕೆ. ಡ್ರಾಪ್ಸ್ ಜೇಬಿನಲ್ಲಿತ್ತು. ಬೀಗರ ಮುಂದೆ ಹಾಕಿಕೊಂಡರೆ ಮರ್ಯಾದೆ ಏನುಳಿಯಿತು?

ಬೀಗರು ಮೀಸೆ ತಿರುವಿದರು. "ಬೀಜ ನೋಡಾಕ ನಮ್ಮ ಸೊಸಿ ಧಾರವಾಡಕ್ಕ ಯಾಕ ಹೋಗಬೇಕ್ರಿ? ನಮ್ಮ ಹೊಲದಾಗ ಬೀಜ ಇಲ್ಲೇನು?"

"ನಿಮ್ಮ ಬೀಜ ನಾಟತಾವೋ ಇಲ್ಲೋ ಅಂತ ಹೇಳಾಕಿನ ಆಕಿ! ಆಕಿ ನೌಕರಿ ಬಿಡಂಗಿಲ್ಲ!" ನೆಲಕ್ಕೆ ಕೈ ಬಡಿದೆ. ಕಣ್ಣಿಂದ ದಳದಳ.

"ನನ್ನ ಮ್ಯಾಲೆ ಕೂಗ್ಯಾಡ್ತೀರೇನ್ರಿ?" ಎಂದು ಬೀಗರು ಎದ್ದು ನಿಂತರು. ನೋಡುತ್ತೇನೆ, ಅವರ ಕಣ್ಣೂ ಕೆಂಪು, ಮೀಸೆಯ ತನಕ ನೀರು!

"ನನ್ನ ಅಣಕಸ್ತೀರೇನು?" ಎಂದು ನಾನು ಕಿರುಚಿದೆ.

"ನೀವ ನನ್ನ ಅಣಕಸಾಕತ್ತೀರಿ!" ಎಂದು ಅವರು.

ಬಾಗಿಲ ಹಿಂದಿನ ಹೆಂಗಸರು ಮೂಗು ಸೇದತೊಡಗಿದರು. ಕಾಕಾ ಗದ್ಗದ ದನಿಯಲ್ಲಿ, "ನೋಡ್ರಪಾ, ಮಕ್ಕಳ ಸಲುವಾಗಿ ಇಬ್ಬರ ಕರಳೂ ಹೆಂಗ ಕರಗ್ಯಾವ! ಬೀಗ್ರು ಒಪ್ಪಿದ್ರು, ಹುಡುಗಿ ನೌಕರಿ ಮಾಡ್ಲಿ" ಎಂದರು.

"ಏ, ನಾ ಎಲ್ಲಿ ಅಳಾಕ..." ಎಂದು ಬೀಗರು ಬಾಯಿ ಅಗಲ ಮಾಡಿದ್ದೇ ತಡ, ಕಾಕಾನ ಹಿಡಿ ಸಕ್ಕರೆ ಒಳಗೆ! ಒಳಕೋಣೆಯಿಂದ ಮಗಳ ನಗು ಕೇಳಿಸಿತು.

ಕೈ ತೊಳೆಯುವ ನಳದ ಹತ್ತಿರ ಬೀಗರು ನನ್ನನ್ನು ಹಿಡಿದರು. "ಖರೇ ಹೇಳ್ರಿ, ಅತ್ತಿದ್ದು ಯಾಕ?"

"ಯಾರ್ರಿ ಅತ್ತವರು? ಕಣ್ಣು ಒಣಗ್ಯಾವ!"

ಅವರು ಅತ್ತಿತ್ತ ನೋಡಿ ಜೇಬಿನಿಂದ ಖಾಲಿ ಬಾಟ್ಲಿ ತೆಗೆದರು. "ನನ್ನವೂ. ಇದು ಮುಂಜಾನೆ ತೀರೇತಿ. ನಿಮ್ಮದ್ರಾಗ ಒಂದ್ ಹನಿ ಕೊಡ್ರಲ್ಲ, ಭಾಳ ಉರಿಯಾಕತ್ತಾವ."

"ಇನ್ನೊಬ್ಬರಿಗೆ ಕೊಡಬ್ಯಾಡ ಅಂದಾರ ಡಾಕ್ಟ್ರು."

"ಹಂಗಾರ ಸಕ್ರಿ ಉಗುಳತೇನಿ ನೋಡ್ರಿ!"

"ಉಗುಳ್ರಿ, ನೋಡೂಣು."

ಬೀಗರು ಸಿಟ್ಟಿನಿಂದ ಬಾಯಿ ತೆರೆದರು, ನಾಲಗೆಯನ್ನು ಆ ದವಡೆ ಈ ದವಡೆಗೆಲ್ಲ ಆಡಿಸಿದರು. ಆಮೇಲೆ ಮೆಲ್ಲಗೆ ಬಾಯಿ ಮುಚ್ಚಿ ಅಂದರು: "ಕರಗೇತಲ್ರಿ!"