ಹೊಗೆ ಅಳೆಯುವವನ ಫಜೀತಿಗಳು

ಮೋಟರ್‌ಸೈಕಲ್ ಹೊಗೆ ಅಳೆಯುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಅಂತ ತಿಳಿದೇ ನಾನು ಈ ಕೆಲಸಕ್ಕೆ ಇಳಿದೆ. ಒಂದು ವ್ಯಾನು, ಅದರೊಳಗೆ ಒಂದು ಯಂತ್ರ. ಯಂತ್ರದ ನಳಿಗೆಯನ್ನು ಗಾಡಿಯ ಸೈಲೆನ್ಸರಿನಲ್ಲಿ ತೂರಿಸಿದರೆ ಹೊಗೆಯಲ್ಲಿ ವಿಷ ಎಷ್ಟಿದೆ ಅಂತ ತೋರಿಸುತ್ತದೆ. ಮಿತಿಯೊಳಗಿದ್ದರೆ ಸರ್ಟಿಫಿಕೇಟು ಕೊಡುವುದು, ಇಲ್ಲದಿದ್ದರೆ ರಿಪೇರಿ ಮಾಡಿಸಿಕೊಂಡು ಬರ್ರಿ ಅಂತ ಕಳಿಸುವುದು, ಇಷ್ಟೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂತ ದಿನಕ್ಕೊಂದು ಊರಿನ ಪೆಟ್ರೋಲ್ ಪಂಪಿನ ಮಗ್ಗುಲಿಗೆ ವ್ಯಾನು ನಿಲ್ಲಿಸಿಕೊಂಡು ಕೂಡುತ್ತೇನೆ. ಆದರೆ ಗಾಡಿಯ ವಿಷಯ ಬಂದರೆ ನಮ್ಮ ಮಂದಿ ಎಂಥ ಹಟದವರೆಂದರೆ, ಸಂಜೆ ವ್ಯಾನಿನ ಬಾಗಿಲು ಹಾಕುವಷ್ಟರಲ್ಲಿ ಮನೆಗೆ ಹೋಗಿ ಹೇಳಿಕೊಳ್ಳುವಂಥದ್ದು ಏನಾದರೊಂದು ನಡೆದೇ ಇರುತ್ತದೆ.

ಹೊಸ್ತಿಲಾಚೆ

ನಿಪ್ಪಾಣಿಯಲ್ಲಿ ಒಬ್ಬ ಹಿರಿಯರು ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡು ಗಾಡಿ ತಂದರು.

"ಸಾಹೇಬ್ರ, ಜರಾ ಬರೋಬ್ಬರಿ ನೋಡ್ರಿ. ಮನ್ಯಾಗ ದೊಡ್ಡ ಜಗಳ ಆಗೇತಿ."

ಅವರ ಮನೆಯಾಕೆ ಪಡಸಾಲೆಗೆ ಹೊಸ ಟೈಲ್ಸ್ ಹಾಕಿಸಿದ್ದಳಂತೆ. ಅವತ್ತಿನಿಂದ ಹೊಗೆ ಬಿಡುವಂಥದ್ದು ಯಾವುದೂ ಹೊಸ್ತಿಲು ದಾಟುವಂತಿಲ್ಲ ಅಂತ ಹುಕುಂ. ಹೀಗಾಗಿ ದಿನಾ ಪಡಸಾಲೆಯಲ್ಲಿ ನಿಲ್ಲುತ್ತಿದ್ದ ಗಾಡಿಯೂ ಅಂಗಳಕ್ಕೆ ಬಿತ್ತು, ಬೀಡಿ ಸೇದುವ ಇವರೂ ಅಂಗಳಕ್ಕೆ ಬಿದ್ದರು.

ಗಾಡಿ ಪಾಸಾಯಿತು. "ಇದನ್ನ ಆಕೀ ಮಾರಿಗೆ ಹಿಡದು ಒಳಗ ಹೋಗ್ತೀನಿ ನೋಡ್ರಿ" ಅಂತ ಸರ್ಟಿಫಿಕೇಟು ಜೇಬಿಗೆ ಇಟ್ಟುಕೊಂಡು ಹೋದರು.

ಮುಂದಿನ ವಾರ ಮತ್ತೆ ಸಿಕ್ಕರು. ಮುಖ ಸಣ್ಣದಾಗಿತ್ತು.

"ಏನಾತ್ರಿ ಕಾಕಾ?"

"ಗಾಡಿ ಪಡಸಾಲ್ಯಾಗ ಆರಾಮ ನಿಂತೈತ್ರಿ. ಆಕಿ ಕಾಗದಾ ಪೂರಾ ಓದಿ, 'ಇದರಾಗ ಗಾಡಿ ನಂಬರ್ ಅಷ್ಟ ಐತಿ, ನಿಮ್ಮ ಹೆಸರು ಎಲ್ಲೈತಿ?' ಅಂದ್ಳು."

ಎಪ್ಪತ್ತು

ಲೀಟರಿಗೆ ಎಷ್ಟು ಓಡುತ್ತದೆ ಅನ್ನುವುದಕ್ಕೆ ನಮ್ಮ ಕಡೆ ಎವರೇಜ್ ಅಂತಾರೆ. ಮಳೆ ಆಯ್ತೇನು, ಮಕ್ಕಳು ಆರಾಮೇನು ಅಂತ ಕೇಳುವುದು ಆಮೇಲೆ. ಮೊದಲು ಕೇಳುವುದು ಎವರೇಜ್ ಎಷ್ಟು ಕೊಡ್ತೈತಿ ಅಂತಲೇ.

ರಾಯಬಾಗದಲ್ಲಿ ನಿವೃತ್ತರಾದ ಒಬ್ಬ ಮಾಸ್ತರರು ಹೊಸ ಗಾಡಿ ಕೊಂಡಿದ್ದರು. ಶೋರೂಮಿನವರು ಎಪ್ಪತ್ತು ಕೊಡುತ್ತದೆ ಅಂದಿದ್ದರು. ಮಾಸ್ತರರಿಗೆ ಬಾಯಿಮಾತು ನಡೆಯುವುದಿಲ್ಲ. ಟ್ಯಾಂಕು ಪೂರ್ತಿ ಬಸಿದು, ಅಳೆದು ಒಂದೇ ಲೀಟರು ಹಾಕಿಸಿಕೊಂಡು ಹೊರಟರು.

ಮಧ್ಯಾಹ್ನ ನೋಡುತ್ತೇನೆ, ರಣ ಬಿಸಿಲಲ್ಲಿ ಬೆವರು ಸುರಿಸುತ್ತ ಗಾಡಿ ತಳ್ಳಿಕೊಂಡು ಪಂಪಿಗೆ ಬಂದರು. ಬಂದವರು ನಿಲ್ಲಲಿಲ್ಲ. ಪೆಟ್ರೋಲ್ ಹಾಕುವವನ ಮುಂದೆಯೇ ಹಾದು, ನನ್ನ ವ್ಯಾನು ಸುತ್ತು ಹಾಕಿ, ಮತ್ತೆ ಪಂಪಿನ ಹಿಂದೆ ಹೋದರು.

"ಸರ್, ಪೆಟ್ರೋಲ್ ಮುಗೀತೇನ್ರಿ?"

"ಮುಗದೈತಿ."

"ಪಂಪ್ ಇಲ್ಲೇ ಐತಲ್ರಿ!"

"ಪಂಪ್ ಐತಿ. ಎಪ್ಪತ್ತು ಇನ್ನೂ ಆಗಿಲ್ಲ."

ಮೀಟರು ಅರವತ್ತೊಂಬತ್ತು ದಾಟಿತ್ತು. ಉಳಿದದ್ದನ್ನು ಅವರು ಪಂಪಿಗೇ ಪ್ರದಕ್ಷಿಣೆ ಹಾಕಿ ಮುಗಿಸುತ್ತಿದ್ದರು. ಪಂಪಿನ ಹುಡುಗರು ಪಾಪ ಅನಿಸಿ ಕೈ ಹಚ್ಚಲು ಹೋದರೆ, "ಯಾರೂ ಮುಟ್ಟಬ್ಯಾಡ್ರಿ, ಲೆಕ್ಕಾ ಕೆಡ್ತೈತಿ" ಅಂತ ಗದರಿದರು. ಕಡೆಗೆ ಮೀಟರಿನಲ್ಲಿ ಎಪ್ಪತ್ತು ಬಂತು. ಸ್ಟ್ಯಾಂಡು ಹಾಕಿ ಕರ್ಚೀಫಿನಿಂದ ಮುಖ ಒರೆಸಿಕೊಂಡರು.

"ನೋಡ್ದೇನು? ಕಂಪನಿಯವರು ಸುಳ್ಳ ಹೇಳಿಲ್ಲ."

"ಸರ್, ಕಡೀಕ ನೀವು ತಳ್ಳೀರಲ್ರಿ?"

"ತಳ್ಳಾಗ ಪೆಟ್ರೋಲ್ ಖರ್ಚಾತೇನು?"

"ಇಲ್ರಿ."

"ಹೊಗಿ ಬಂತೇನು?"

"ಇಲ್ರಿ."

"ಮತ್ತ!"

ನಾನು ನೀರು ಕೊಟ್ಟೆ. ಗಟಗಟ ಕುಡಿದು, ವ್ಯಾನಿನ ನೆರಳಿಗೆ ಕೂತು, ಏದುಸಿರು ಬಿಡುತ್ತಲೇ ಹೇಳಿದರು:

"ಮೈಯಾಗ ಒಂದೀಟ ತ್ರಾಣ ಬರ್ಲಿ. ಮುಂದಿನ ತಿಂಗಳು ಎಪ್ಪತ್ತೈದು ಕೊಡಸ್ತೀನಿ."

ಪರಿಸರ ಪ್ರೇಮಿಗಳು

ಚಿಕ್ಕೋಡಿಯಲ್ಲಿ ಮೂವರು ಹುಡುಗರು ಒಂದೇ ಗಾಡಿಯ ಮೇಲೆ ಕೂತು ಬಂದದ್ದನ್ನು ಪೊಲೀಸಪ್ಪ ನನ್ನ ವ್ಯಾನಿನ ಎದುರಿಗೇ ಹಿಡಿದ. ಮುಂದಿದ್ದವನು ಮಾತುಗಾರ.

"ಸಾಹೇಬ್ರ, ಮೂರು ಮಂದಿ ಮೂರು ಗಾಡಿ ತಂದಿದ್ರ ಮೂರು ಪಟ್ಟು ಹೊಗಿ ಆಗ್ತಿತ್ತು. ನಾವು ಪರಿಸರಾ ಉಳಸಾಕತ್ತೀವ್ರಿ. ಬೇಕಾರ ಈ ಹೊಗಿ ವ್ಯಾನಿನವರನ್ನ ಕೇಳ್ರಿ."

ಪೊಲೀಸಪ್ಪ ನನ್ನ ಕಡೆ ನೋಡಿದ. ಲೆಕ್ಕ ಸರಿಯಿತ್ತು, ಹೌದು ಅಂತ ತಲೆಯಾಡಿಸಬೇಕಾಯಿತು. ಆತ ಗಂಭೀರವಾಗಿ ಕೇಳಿಸಿಕೊಂಡ. ಆಮೇಲೆ ಕೈ ಚಾಚಿ ಗಾಡಿಯ ಕೀಲಿಕೈ ಕಿತ್ತು ಜೇಬಿಗೆ ಹಾಕಿಕೊಂಡ.

"ನೀವು ಎರಡು ಗಾಡಿ ಹೊಗಿ ಉಳಿಸಿದ್ರಿ, ನಾ ಮೂರನೇದ್ದೂ ಉಳಿಸಿದ್ನಿ. ನಡೀರಿ ಠಾಣೆಗೆ, ನಡಕೋತ."

ಕಬ್ಬಿನ ಲೆಕ್ಕ

ಶೇಡಬಾಳದ ಕಬ್ಬಿನ ರೈತರೊಬ್ಬರು ಕಾಗವಾಡಕ್ಕೆ ಗಾಡಿ ತಂದರು. ಫೇಲಾಯಿತು. ಅವರು ಜಾಗ ಬಿಟ್ಟು ಕದಲಲಿಲ್ಲ. ಹಿಂದಿನ ವಾರವಷ್ಟೇ ಅವರೂರಿಗೆ ಯಾರೋ ಅಧಿಕಾರಿ ಬಂದು ಇಂಗಾಲದ ಹೆಜ್ಜೆಗುರುತಿನ ಮೇಲೆ ಭಾಷಣ ಮಾಡಿದ್ದರಂತೆ. ಒಬ್ಬೊಬ್ಬರ ಬದುಕಿನಿಂದ ಗಾಳಿಗೆ ಎಷ್ಟು ಹೊಗೆ ಸೇರುತ್ತದೆ, ಗಿಡಮರ ಅದರಲ್ಲಿ ಎಷ್ಟನ್ನು ಹೀರಿಕೊಳ್ಳುತ್ತವೆ ಅನ್ನುವ ಲೆಕ್ಕ.

"ಗಿಡಾ ಹೊಗಿ ಕುಡೀತಾವ ಅಂತ ಅವರ ಹೇಳ್ಯಾರ. ಖರೆ ಏನ್ರಿ?"

"ಖರೆ ಐತ್ರಿ."

"ಕಬ್ಬೂ ಗಿಡಾನ ಅಲ್ರಿ?"

"ಹೌದ್ರಿ."

"ನಂದು ನಾಕ ಎಕರೆ ಕಬ್ಬ ಐತಿ. ಈ ಸಣ್ಣ ಗಾಡಿ ಹೊಗಿ ಅದಕ್ಕ ನಾಷ್ಟಾಕ್ಕೂ ಸಾಲಂಗಿಲ್ಲ. ಕಬ್ಬ ಕುಡಿಯೂದನ್ನ ಇದರಾಗ ಕಳೀರಿ, ಪಾಸ್ ಮಾಡ್ರಿ."

ಹಿಂದೆ ಸಾಲು ಬೆಳೆಯಿತು. ಯಂತ್ರಕ್ಕೆ ಕಬ್ಬು ಗೊತ್ತಿಲ್ಲರಿ ಅಂದೆ. ಅವರು ಕೇಳಲಿಲ್ಲ. ಸಾಲಿನಲ್ಲಿದ್ದವರೂ ಅವರ ಕಡೆಯೇ ಆದರು, "ಬರೋಬ್ಬರಿ ಹೇಳಾಕತ್ತಾರ, ಕಳೀರಲಾ" ಅಂತ. ಎಲ್ಲರ ಹೊಲದಲ್ಲೂ ಕಬ್ಬಿತ್ತಲ್ಲ! ನಾನೂ ಹಟಕ್ಕೆ ಬಿದ್ದೆ. ಪೆನ್ನು ತೆಗೆದೆ.

"ಆತ್ರಿ, ಪೂರಾ ಲೆಕ್ಕಾ ಮಾಡೇ ಬಿಡೂಣು. ಕಬ್ಬ ಕುಡಿಯೂದನ್ನ ಕಳೀತೀನಿ. ಕಬ್ಬ ಕಡದ ಮ್ಯಾಲ ಹೊಲದಾಗ ಉಳದ ರವದಿಗೆ ಬೆಂಕಿ ಹಚ್ಚತೀರಲ್ಲ, ಆ ಹೊಗಿ ಕೂಡಸ್ತೀನಿ. ಹೇಳ್ರಿ, ಈ ಸಲ ಎಷ್ಟ ಎಕರೆ ರವದಿ ಸುಟ್ರಿ?"

ಸಾಲಿನಲ್ಲಿದ್ದವರೆಲ್ಲ ಬಗ್ಗಿ ತಮ್ಮ ತಮ್ಮ ಗಾಡಿಯ ಟೈರು ನೋಡತೊಡಗಿದರು. ರೈತರು ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡರು.

"ಗಾಡೀ ವಿಷಯ ಗಾಡೀಗೇ ಮುಗಸೂಣು ಸಾಹೇಬ್ರ. ನೀವು ಹೊಲದತನಕ ಯಾಕ ಬರ್ತೀರಿ?"

ಯಡೂರಿನ ಭಕ್ತರು

ಉಗಾರ ಖುರ್ದದ ಒಬ್ಬ ಅಕ್ಕ ಕಾಗವಾಡದ ಪಂಪಿಗೆ ತಮ್ಮ ಸ್ಕೂಟಿ ತಂದು ನಿಲ್ಲಿಸಿ, ಅತ್ತಿತ್ತ ನೋಡಿ, ನನ್ನ ಹತ್ತಿರ ಬಂದರು.

"ಅಣ್ಣಾ, ನಮ್ಮ ಮನಿಯವರದೊಂದು ಹಳೇ ಮೋಟರ್‌ಸೈಕಲ್ ಐತ್ರಿ. ಪೆಟ್ರೋಲ್‌ನ್ಯಾಗ ಆಯಿಲ್ ಕಲಸಿ ಹಾಕೂದು. ಚಾಲೂ ಮಾಡಿದ್ರ ಬಿಸಲಿಗೆ ಹಾಕಿದ ಹಪ್ಪಳೆಲ್ಲಾ ಆಯಿಲ್ ವಾಸ್ನಿ. ಫೇಲಾದ್ರ ಮಾರ್ತೀನಿ ಅಂತ ಮಾತ ಕೊಟ್ಟಾರ. ಮುಂದಿನ ವಾರ ತರ್ತಾರ. ಫೇಲ್ ಮಾಡಿಬಿಡ್ರಿ."

"ಫೇಲೋ ಪಾಸೋ ಯಂತ್ರಾ ಹೇಳ್ತೈತಿ ಅಕ್ಕಾ, ನಾ ಅಲ್ಲ."

ಅವರು ಹೋಗಿ ಒಂದು ತಾಸಿಗೆ ಅವರ ಗಂಡ ಬಂದರು, ನಡೆದುಕೊಂಡು. ಅವರೂ ಅತ್ತಿತ್ತ ನೋಡಿದರು.

"ಸಾಹೇಬ್ರ, ಮುಂದಿನ ವಾರ ನನ್ನ ಹಳೇ ಗಾಡಿ ತರ್ತೀನಿ. ಲಗ್ನಕ್ಕ ಮೊದಲ ಹೆಣ್ಣ ನೋಡಾಕ ಹೋದದ್ದೂ ಅದೇ ಗಾಡಿ ಮ್ಯಾಲ. ಏನರ ಮಾಡಿ ಪಾಸ್ ಮಾಡ್ರಿ."

ಅವರಿಗೂ ಅದೇ ಉತ್ತರ ಕೊಟ್ಟೆ. ಮನುಷ್ಯ ಛಲ ಬಿಡಲಿಲ್ಲ. ವಾರವಿಡೀ ಗ್ಯಾರೇಜಿನಲ್ಲಿ ಕೂತು ಹೊಸ ರಿಂಗು, ಹೊಸ ಪ್ಲಗ್ಗು ಹಾಕಿಸಿ, ಸೈಲೆನ್ಸರಿನ ಮಸಿ ಕೆರೆದು ತೆಗೆಸಿ, ಮದುಮಗನ ಹಾಗೆ ಹೊಳೆಯುವ ಗಾಡಿ ತಂದರು. ಹಿಂದಿನ ಸೀಟಿನಲ್ಲಿ ಸಾಕ್ಷಿಗೆ ಅಂತ ಹೆಂಡತಿ. ನಾನು ನಳಿಗೆ ತೂರಿಸಿದೆ. ಇಬ್ಬರೂ ಕಣ್ಣು ಮುಚ್ಚಿ ಕೈ ಮುಗಿದರು. ಯಾರು ಏನು ಬೇಡಿಕೊಳ್ಳುತ್ತಿದ್ದಾರೆ ಅಂತ ನನಗೊಬ್ಬನಿಗೇ ಗೊತ್ತು.

ಪಾಸ್!

ಗಂಡ ಖುಷಿಯಲ್ಲಿ ಸೈಲೆನ್ಸರನ್ನೇ ಸವರಲು ಹೋಗಿ ಕೈ ಸುಟ್ಟುಕೊಂಡರು. ಅವರು ಕೈ ಊದಿಕೊಳ್ಳುತ್ತಿದ್ದಾಗ ಅಕ್ಕ ಸುಮ್ಮನೆ ಸರ್ಟಿಫಿಕೇಟು ಇಸಿದುಕೊಂಡು ಪರ್ಸಿನಲ್ಲಿ ಇಟ್ಟರು.

ಮುಂದಿನ ವಾರ ಅವರೊಬ್ಬರೇ ನಗುನಗುತ್ತ ಬಂದರು.

"ಪಾಸಾಗಿದ್ದ ಚಲೋ ಆತು ಅಣ್ಣಾ. ಸರ್ಟಿಫಿಕೇಟ್ ಇಲ್ಲದ ಯಾರೂ ತಗೋತಿರಲಿಲ್ಲ. ಯಡೂರಿನವರೊಬ್ಬರಿಗೆ ಮಾರಿಬಿಟ್ನಿ."

"ಫೇಲಾದ್ರಷ್ಟ ಮಾರೂದಂತ ಮಾತಿತ್ತಲ್ಲ ಅಕ್ಕಾ?"

"ಫೇಲಾದ್ರ ಅವರು ಮಾರಬೇಕು ಅಂತ ಮಾತಿತ್ರಿ. ಪಾಸಾದ್ರ ನಾ ಮಾರಬಾರದು ಅಂತ ಯಾರ ಹೇಳಿದ್ರು?"

ಕೆಲ ತಿಂಗಳಾದ ಮೇಲೆ ಒಂದು ಸೋಮವಾರ ವೀರಭದ್ರನ ದರ್ಶನಕ್ಕೆ ಯಡೂರಿಗೆ ಹೋಗಿದ್ದೆ. ನದಿಯ ದಾರಿಯಲ್ಲಿ ಎದುರಿಗೆ ನೀಲಿ ಹೊಗೆ ಎಬ್ಬಿಸುತ್ತ ಅದೇ ಮೋಟರ್‌ಸೈಕಲ್ ಬಂತು. ಮೇಲೆ ಕೂತವರು ಅದೇ ಗಂಡ, ಹಣೆಯ ತುಂಬ ವಿಭೂತಿ, ಮುಖದ ತುಂಬ ನಗು! ನನ್ನನ್ನು ನೋಡಿ ಗಕ್ಕನೆ ಬ್ರೇಕು ಹಾಕಿದರು.

"ತಗೊಂಡಾಂವ ನನ್ನ ಕೂಡ ಸಾಲೀ ಕಲತ ದೋಸ್ತ ಅದಾನ್ರಿ. ಸೋಮವಾರಕ್ಕೊಮ್ಮಿ ಒಂದು ರೌಂಡ್ ಹೊಡ್ಯಾಕ ಕೊಡ್ತಾನ. ಮನ್ಯಾಗ ದೇವರಿಗೆ ಹೋಗ್ತೀನಿ ಅಂತ ಹೇಳೀನಿ. ನಿಮ್ಮ ಕಾಲ ಬೀಳ್ತೀನಿ, ಆಕಿ ಮುಂದ ಬಾಯಿ ಬಿಡಬ್ಯಾಡ್ರಿ."

ಬಿಡುವುದಿಲ್ಲ ಅಂತ ಮಾತು ಕೊಟ್ಟೆ.

ಅದೇ ವಾರ ಕಾಗವಾಡದಲ್ಲಿ ಅಕ್ಕ ಸ್ಕೂಟಿಗೆ ಪೆಟ್ರೋಲ್ ಹಾಕಿಸಲು ಬಂದವರು ನನ್ನ ಕಡೆಗೂ ಬಂದರು.

"ಗಾಡಿ ಹೋದ ಮ್ಯಾಲ ನಮ್ಮ ಮನಿಯವರಿಗೆ ಭಕ್ತಿ ಭಾಳ ಬಂದೈತಿ ಅಣ್ಣಾ. ಒಂದು ಸೋಮವಾರ ತಪ್ಪಸಂಗಿಲ್ಲ, ಯಡೂರಿಗೆ ಹೋಗೇ ಹೋಗ್ತಾರ."

"ಚಲೋ ಆತಲ್ಲ ಅಕ್ಕಾ" ಅಂತ ನಾನು ಸುಮ್ಮನೆ ಯಂತ್ರ ಒರೆಸತೊಡಗಿದೆ.

"ಚಲೋ ಆತು" ಅಂದು ಅಕ್ಕ ಸ್ವಲ್ಪ ಹತ್ತಿರಕ್ಕೆ ಬಗ್ಗಿದರು. "ಹೊಗಿ ವಿಷಯ ನಿಮಗ ಗೊತ್ತಿರ್ತೈತಿ ಅಂತ ಒಂದ ಮಾತ ಕೇಳ್ತೀನಿ. ಯಡೂರಿನ ವಿಭೂತಿಗೆ ಈಗೀಗ ಆಯಿಲ್ ವಾಸ್ನಿ ಯಾಕ ಬರಾಕತ್ತೈತ್ರಿ?"