ಓಟಿಲ್ಲದವನ ಸುಖ

ಅಮೆರಿಕದ ಲೊಂಬಾರ್ಡಿನ ಕನ್ನಡ ಕೂಟಕ್ಕೆ ಕಾರ್ಯದರ್ಶಿಯಾಗಿ ಮನೋಹರನಿಗೆ ಐದು ವರ್ಷ ತುಂಬಿತ್ತು. ಯುಗಾದಿಗೆ ಸ್ಕೂಲ್ ಹಾಲ್ ಬುಕ್ ಮಾಡುವವನು ಅವನು, ದೀಪಾವಳಿ ಮುಗಿದ ಮೇಲೆ ಮೇಜಿನಡಿಯ ಚಿತ್ರಾನ್ನ ಗುಡಿಸುವವನೂ ಅವನೇ. ಜಗಳವಾದಾಗಲೆಲ್ಲ ನಿಯಮಾವಳಿ ತಿದ್ದಿ ಬರೆಯುವವನೂ ಅವನೇ. ಅವತ್ತು ಬೆಳಿಗ್ಗೆ ಹೆಂಡತಿ ಭಾನು ಕಾಫಿ ಲೋಟವನ್ನು ಅವನ ಮುಂದೆ ಕುಕ್ಕಿದಳು.

“ಇವತ್ತು ಜನರಲ್ ಬಾಡಿ ಮುಗಿಸ್ಕೊಂಡು ಮತ್ತೆ ಆ ಕೂಟದ ಸಾಮಾನಿನ ಸ್ಟೋರೇಜ್ ಕೀ ಹಿಡ್ಕೊಂಡು ಬಂದ್ರೆ ಮನೆ ಬಾಗಿಲು ತೆಗೆಯಲ್ಲ, ನೋಡಿ. ಒಂದು ಶನಿವಾರನಾದ್ರೂ ನಮ್ಮ ಜೊತೆ ಇದ್ದಿದ್ದೀರಾ?”

“ಇದೇ ಲಾಸ್ಟು ಭಾನು, ನಿನ್ನಾಣೆ.”

“ಹೋದ ವರ್ಷಾನೂ ನನ್ನಾಣೇನೇ ಹಾಕಿದ್ರಿ.”

ನಿಜವೇ. ಪ್ರತಿ ವರ್ಷ ಯಾರೋ ಅವನ ಹೆಸರು ಸೂಚಿಸುವರು, ಇನ್ಯಾರೋ ಅನುಮೋದಿಸುವರು, ಉಳಿದವರು ಚಪ್ಪಾಳೆ ತಟ್ಟಿ ಊಟಕ್ಕೆ ಏಳುವರು. ಬೇಡ ಎನ್ನಲು ಇವನಿಗೆ ಬಾಯಿ ಬಾರದು. ಪಾಪ, ಸಾಕಾಗಿ ಹೋಗಿತ್ತು. ಈ ಸಲ ಒಂದು ಉಪಾಯ ಹೊಳೆದಿತ್ತು. ಆಜೀವ ಸದಸ್ಯರಿಗೂ ಕುಟುಂಬ ಸದಸ್ಯರಿಗೂ ಓಟುಂಟು, ಚುನಾವಣೆಗೆ ನಿಲ್ಲುವ ಹಕ್ಕೂ ಉಂಟು. ‘ಸಹ ಸದಸ್ಯರು’ ಎಂಬ ಮೂರನೆಯ ಬಗೆಯವರಿಗೆ ಮಾತ್ರ ಎರಡೂ ಇಲ್ಲ. ಬಂದು ಉಂಡು ಹೋಗಬಹುದು, ಅಷ್ಟೇ. ಇದಕ್ಕಿಂತ ಸುಖ ಇನ್ನೇನಿದೆ!

ಸ್ಕೂಲ್ ಹಾಲಿಗೆ ಕಾಲಿಟ್ಟವನೇ ಖಜಾಂಚಿ ಖಲೀದಾರ ಮುಂದೆ ನಿಂತ. “ನನ್ನೂ ಸೇರಿಸಿ ನಮ್ಮ ಮನೆಯವರನ್ನೆಲ್ಲ ಸಹ ಸದಸ್ಯರನ್ನಾಗಿ ಮಾಡಿಬಿಡಿ.”

“ಅಯ್ಯೋ, ಇವತ್ತಿನವರೆಗೂ ಅದನ್ನ ಯಾರೂ ಕೇಳಿಲ್ಲ ಕಣ್ರೀ. ನೀವೇ ಮೊದಲನೆಯವರು. ಹುಷಾರಾಗಿದೀರಾ ತಾನೆ?”

“ಹುಷಾರಾಗಿರ್ಬೇಕು ಅಂತಾನೇ ಕೇಳ್ತಿರೋದು.”

ಸುದ್ದಿ ಉಪ್ಪಿಟ್ಟಿನ ಸಾಲಿನುದ್ದಕ್ಕೂ ಹಬ್ಬಿತು. ಲೈಲ್‌ನ ಆಫೀಸಿನ ಕೆಲಸ ಹೋಯಿತಂತೆ ಎಂದರು ಒಬ್ಬರು. ದೂರದ ಡಿಯರ್‌ಬಾರ್ನ್‌ಗೆ ಮನೆ ಬದಲಾಯಿಸುತ್ತಾರಂತೆ ಎಂದರು ಇನ್ನೊಬ್ಬರು. ಪದ್ಮಮ್ಮ ಆಂಟಿ ಪಕ್ಕಕ್ಕೆ ಕರೆದು, “ಮನೇಲಿ ಗಂಡ ಹೆಂಡ್ತಿ ಚೆನ್ನಾಗಿದೀರಿ ಅಲ್ವೇನಪ್ಪ?” ಎಂದು ಬೆನ್ನು ಸವರಿದರು. ವಿವರಿಸುವ ತ್ರಾಣವಿಲ್ಲದೆ ಅವನು ಎಲ್ಲರಿಗೂ ತಲೆಯಾಡಿಸಿದ.

ಸಭೆಯಲ್ಲಿ ಎಂದಿನಂತೆ ಅವನ ಹೆಸರೇ ಬಂತು. ಮನೋಹರ ಎದ್ದುನಿಂತ. “ನಾನೀಗ ಸಹ ಸದಸ್ಯ. ನಿಲ್ಲೋ ಹಾಗಿಲ್ಲ.” ಕೀಲಿಯನ್ನು ಮೇಜಿನ ಮೇಲಿಟ್ಟ. ಐದು ವರ್ಷದಲ್ಲಿ ಮೊದಲ ಸಲ ಹೆಗಲು ಹಗುರಾಯಿತು.

“ಹಂಗಾರ ಬ್ಯಾರೆ ಯಾರ್ ನಿಲ್ತೀರಿ?” ಎಂದರು ಅಧ್ಯಕ್ಷ ಸಂಗನಬಸಪ್ಪ. ಕೆಲವರು ತಮ್ಮ ಶೂ ನೋಡಿಕೊಂಡರು. ಒಬ್ಬರಿಗೆ ಕಾರಿನ ಲೈಟ್ ಆರಿಸಿಲ್ಲವೆಂದು ಥಟ್ಟನೆ ನೆನಪಾಯಿತು, ಹೊರಗೆ ಓಡಿದರು.

ಸಂಗನಬಸಪ್ಪ ನಿಯಮಾವಳಿ ತಿರುವಿದರು. ಅವರ ಮುಖ ಅರಳಿತು. “ಮನೋಹರ್, ಹೋದ ವರ್ಷ ಓಟ್ ಎಣಿಸೂದ್ರಾಗ ಜಗಳಾ ಆದಾಗ ಒಂದ್ ತಿದ್ದುಪಡಿ ತಂದಿದ್ರಿ, ನೆನಪೈತೇನ್ರೀ? ಚುನಾವಣಾಧಿಕಾರಿ ಓಟಿಲ್ಲದ ಸದಸ್ಯನಽ ಆಗಬೇಕು. ನಿಲ್ಲೋರು ಸಿಗೂ ತನಕ ಕೂಟದ ಕೆಲಸಾನೂ ಅವನಽ ನೋಡಬೇಕು. ಅಂಥಾವ್ರು ನೀವೊಬ್ರಽ ಇದ್ದೀರಿ!”

ಮನೋಹರ ಮೇಜು ಗುದ್ದಿದ. “ಇದು ಅನ್ಯಾಯ! ಓಟಿಗೆ ಹಾಕಿ!”

“ಹಾಕೋಣಂತ. ಆದ್ರ ನಿಮಗ ಓಟಿಲ್ರೀ.”

ಪರವಾಗಿ ಇಡೀ ಸಭೆಯೇ ಕೈಯೆತ್ತಿತು. ವಿರೋಧಕ್ಕೆ ಎದ್ದದ್ದು ಒಂದೇ ಕೈ. ಊಟಕ್ಕೆಂದು ಆಗಷ್ಟೇ ಬಂದಿದ್ದ ಭಾನು ಬಾಗಿಲಲ್ಲೇ ನಿಂತು ಕೈಯೆತ್ತಿದ್ದಳು.

ಖಲೀದಾ ಮೆಲ್ಲಗೆ ಹೇಳಿದರು, “ಭಾನು, ನಿಮ್ಮ ಓಟೂ ಹೋಯ್ತು. ಮನೆಯವರೆಲ್ಲ ಸಹ ಸದಸ್ಯರೇ ಈಗ.”

ಭಾನು ಗಂಡನನ್ನು ಒಮ್ಮೆ ನೋಡಿದಳು. ಸೀದಾ ಮೇಜಿನ ಹತ್ತಿರ ಬಂದು ಕೀಲಿ ಎತ್ತಿ ಅವನ ಅಂಗೈಯಲ್ಲಿಟ್ಟಳು.

“ಇಟ್ಕೊಳ್ಳಿ. ಮನೆ ಬಾಗಿಲಂತೂ ತೆಗೆಯಲ್ಲ. ಸ್ಟೋರೇಜ್ ಬಾಗಿಲಾದ್ರೂ ತೆಗ್ಕೊಳ್ಳಿ.”