ಹೇಳದ ಕೇಳದ ಬರೋ ನಗು

ವಿದ್ಯಾನಗರದ ಒಂದು ದವಾಖಾನ್ಯಾಗ ನಾ ಫಿಸಿಯೋಥೆರಪಿ ಮಾಡಾಕಿ. ಲಕ್ವಾ ಹೊಡದವರ ಕೈಕಾಲು ತಿದ್ದೋದು ನನ್ನ ಕೆಲಸ. ಖರೇ ಹೇಳ್ತೇನಿ, ಕೈಕಾಲು ಒಂದಿಲ್ಲಾ ಒಂದಿನಾ ಮಾತು ಕೇಳ್ತಾವು. ಮಿದುಳಿನ್ಯಾಗಿನ ನಗು, ಅಳು, ಸಿಟ್ಟು ಅದಾವಲ್ಲಾ, ಅವು ಯಾರಪ್ಪನ ಮಾತೂ ಕೇಳಂಗಿಲ್ಲ. ಏನರ ಒಂದು ಫಜೀತಿ ತಂದ ಇಡ್ತಾವು. ಅದರಾಗ ಅಮರಗೋಳದ ಮೆಣಸಿನಕಾಯಿ ವ್ಯಾಪಾರಿ ಕಾಕಾನ ಫಜೀತಿ ನೆನಪಾದ್ರ, ಬಸ್ಸಿನ್ಯಾಗ ಕುಂತಲ್ಲೇ ನಾ ಒಬ್ಬಾಕಿನ ನಗ್ತೇನಿ. ಬಾಜೂಕ ಕುಂತವರು ಸರದು ಕೂಡ್ತಾರ.

೧. ತಲಿಯೊಳಗಿನ ಬದಾಮಿ

ಕಾಕಾಗ ಲಕ್ವಾ ಸಣ್ಣದ ಹೊಡದಿತ್ತು. ಕೈ ಸುಧಾರಿಸ್ತು, ನಡಿಗಿ ಸುಧಾರಿಸ್ತು. ಆದ್ರ ಮನಸ್ಸಿನ್ಯಾಗ ಏನೂ ಇಲ್ಲದನ ಒಮ್ಮೆಲೆ ನಗು ಬರೋದು, ಇಲ್ಲಾ ಅಳು ಬರೋದು ಚಾಲೂ ಆತು. ಡಾಕ್ಟರ್ರು ಕಾಕಾನ್ನ, ಅವರ ಹೆಂಡ್ತಿ ಕಾಕೂನ್ನ ಕುಂಡ್ರಿಸ್ಕೊಂಡು ಸ್ಕ್ಯಾನ್ ತೋರಿಸಿದ್ರು.

"ನೋಡ್ರಿ, ನಗಸೋ ಅಳಸೋ ಯಂತ್ರ ಮಿದುಳಿನ ಬುಡದಾಗ ಐತಿ. ಅದನ್ನ ಹಗ್ಗಾ ಹಾಕಿ ಹಿಡಿಯೋ ಭಾಗ ಹಣಿ ಹಿಂದ ಐತಿ. ಲಕ್ವಾ ಹೊಡದು ನಡುವಿನ ಹಗ್ಗಾ ಸಡ್ಲ ಆಗೇತಿ. ಅದಕ್ಕ ಮನಸ್ಸು ಹೇಳದಿದ್ರೂ ಮಾರಿ ನಗ್ತೈತಿ. ಇದು ಹುಚ್ಚಲ್ಲ. ಗುಳಿಗಿ ತಗೊಂಡ್ರ ಬರಬರ್ತ ಕಮ್ಮಿ ಆಗ್ತೈತಿ."

ಕಾಕು ಸ್ಕ್ಯಾನ್ ಮ್ಯಾಲೆ ಬೆರಳಿಟ್ರು. "ಇದೇನ್ರಿ ಇಲ್ಲಿ, ಬದಾಮಿ ಹಂಗ ಕಾಣೋದು?"

"ಅದು ಅಂಜಿಕಿ, ಸಿಟ್ಟು ಎಬ್ಬಸೋ ಜಾಗಾ ರೀ," ಅಂದ್ರು ಡಾಕ್ಟರ್ರು.

ಕಾಕು ಗಂಡನ ಮಾರಿ ಒಮ್ಮೆ ನೋಡಿದ್ರು, ಆಮ್ಯಾಲೆ ದನಿ ಸಣ್ಣ ಮಾಡಿ ಅಂದ್ರು, "ಮದಿವಿ ಆದಾಗಿಂದ ಇವರ್ದು ಇದ ಕೆಟ್ಟೈತ್ರಿ. ನಗು ಇದ್ರ ಇರ್ಲಿ ಬಿಡ್ರಿ. ಹೆಂಗೂ ತಲೀತನಕ ಬಂದೀರಿ, ಇದನ್ನ ಮೊದಲ ರಿಪೇರಿ ಮಾಡ್ರಿ."

೨. ಮಾರ್ಕೆಟ್ಟಿನ್ಯಾಗ ಅಳು

ಮಾರ್ಕೆಟ್ಟಿನ ವ್ಯಾಪಾರಿಗೆ ಮಾರೀನ ಬಂಡವಾಳ. ಮಾಲು ಎಷ್ಟ ಛಲೋ ಇದ್ರೂ ಮಾರಿ ಮ್ಯಾಲೆ ತೋರಿಸಬಾರದು. ನಮ್ಮ ಕಾಕಾನ ಮಾರಿ ಅಂದ್ರ ಬೀಸೋ ಕಲ್ಲು, ಅದರಾಗ ಏನೂ ಕಾಣ್ತಿರಲಿಲ್ಲ.

ಅಂಗಡಿ ಮತ್ತ ಶುರು ಮಾಡಿದ ಹೊಸತರಾಗ ಒಬ್ಬ ರೈತ ಬಂದು, "ಕಾಕಾ, ಈ ಸಲ ಮಾಲು ಏಕದಂ ಫಸ್ಟ್‌ಕ್ಲಾಸ್ ಬಂದೈತ್ರಿ," ಅಂತ ಚೀಲಾ ಬಿಚ್ಚಿದ. ಕೆಂಪಗ ಕುಂಕುಮದಂಥಾ ಕಾಯಿ. ಕಾಕಾ ಒಂದು ಕಾಯಿ ಕೈಯಾಗ ಹಿಡಕೊಂಡು ಹೋ ಅಂತ ಅಳಾಕ ಹತ್ತಿದ್ರು. ರೈತ ಮೊದಲು ಮೆಣಸಿನಕಾಯಿ ಘಾಟು ಅಂದ್ಕೊಂಡ. ಅಳು ನಿಲ್ಲವಲ್ದು ಅಂದಮ್ಯಾಲೆ ಚೀಲದ ಬಾಯಿ ಕಟ್ಟಿದ. "ಮಂದೀದು ಛಲೋ ಆದದ್ದು ನೋಡಿ ಇಷ್ಟ ಸಂಕಟ ಪಡಬಾರದ್ರಿ ಕಾಕಾ," ಅಂದು ಬಾಜೂ ಅಂಗಡಿಗೆ ಹೊಂಟ.

ನನಗ ಕೆಟ್ಟ ಅನಿಸ್ತು. ನಾಳಿನಿಂದ ಒಂದಿಷ್ಟ ದಿನಾ ಅಂಗಡಿ ಬಿಡ್ರಿ ಅಂದೆ. ಕಾಕಾ ಒಪ್ಪಲಿಲ್ಲ. "ಇಲ್ಲ ತಂಗಿ, ಇದರಾಗೂ ಫಾಯದೆ ಐತಿ. ನಾ ಅಳೋದು ನೋಡಿ ಚಂದಾ ಕೇಳಾವರು ಅಂಗಡಿ ಮುಂದ ನಿಂದ್ರವಲ್ರು."

೩. ಮಾತಾಡ್ಸಾಕ ಹೋದಾಗ

ಓಣ್ಯಾಗ ಒಬ್ಬ ಮುತ್ಯಾ ತೀರಿಕೊಂಡ. ತುಂಬಿದ ವಯಸ್ಸು, ಬಾಯಿ ಭಾಳ ಜೋರು ಇದ್ದಾವ. ಕಾಕಾ-ಕಾಕು ಆ ಮನಿಗೆ ಮಾತಾಡ್ಸಾಕ ಹೋದ್ರು. ಎಲ್ಲಾರೂ ತಲಿ ತಗ್ಗಿಸಿ ಕುಂತಾರ, ಕಾಕಾಗ ನಗು ಕಿತ್ಕೊಂಡು ಬಂತು. ಕಾಕೂಗ ಭೂಮಿ ಬಾಯಿ ಬಿಟ್ರ ಸಾಕಾಗಿತ್ತು. ಮುತ್ಯಾನ ಸೊಸಿ ಸೆರಗು ಬಾಯಿಗೆ ಒತ್ತಿಕೊಂಡು ಲಗುಬಗಿ ಒಳಗ ಎದ್ದ ಹೋದ್ಳು.

ಕಾಕು ಹಿಂದ ಓಡಿ ಹೋಗಿ, "ಮನಸ್ಸಿಗೆ ಹಚ್ಕೋಬ್ಯಾಡವಾ, ಅವರಿಗೆ ಅದು ಜಡ್ಡು," ಅಂದ್ರು.

ಸೊಸಿ ಅಡಗಿ ಮನ್ಯಾಗ ಹೊಟ್ಟಿ ಹಿಡಕೊಂಡು ನಗಾಕತ್ತಿದ್ಳು. "ಅವರಿಗರ ಜಡ್ಡು ಐತಿ ಕಾಕು. ನಾ ಏನಂತ ಹೇಳ್ಲಿ?"

೪. ಕನ್ಯಾ ನೋಡಾಕ ಬಂದಾಗ

ಇಷ್ಟೂ ತನಕ ಎಲ್ಲಾ ನಗಿಚಾಟಿಕಿ. ಆಮ್ಯಾಲೆ ಕಾಕಾನ ಮಗಳಿಗೆ ಮುಗದ ಊರಿಂದ ಸಂಬಂಧ ಬಂತು. ಹುಡುಗಿ ಸಾಲಿ ಟೀಚರು, ಹುಡುಗ ಬ್ಯಾಂಕಿನ್ಯಾಗ ಇದ್ದ. ಇಬ್ಬರೂ ಫೋನಿನ್ಯಾಗ ಮಾತಾಡಿದ್ರು, ಒಬ್ಬರಿಗೊಬ್ಬರು ಮನಸ್ಸಿಗೆ ಬಂದಿದ್ರು. ಹಿರ್ಯಾರು ಹೂಂ ಅನ್ನೋದೊಂದ ಬಾಕಿ.

"ಜಡ್ಡಿನ ಸುದ್ದಿ ಮೊದಲ ಹೇಳಿ ಬಿಡ್ರಿ," ಅಂತ ನಾ ಬಡ್ಕೊಂಡೆ. ಕಾಕು ಒಪ್ಪಲಿಲ್ಲ. "ತಲಿ ಸುದ್ದಿ ತಗದ್ರ ಈ ಮನ್ಯಾಗ ಹುಚ್ಚ ಐತಿ ಅಂತ ಹೊಳ್ಳಿ ಹೋಗ್ತಾರ." ಕಾಕಾ ಅಂದ್ರು, "ನನ್ನ ಮಾರೀ ಸಲುವಾಗಿ ನನ್ನ ಮಗಳ ಸಂಬಂಧ ತಪ್ಪಿದ್ರ ನಾ ಬದುಕಿ ಏನುಪಯೋಗ ತಂಗಿ." ಕಡೀಕ ನಾ ಕಾಕಾಗ, ನಗು ಬರೋವಂಗಾದ್ರ ಕುಂತ ರೀತಿ ಬದಲ ಮಾಡ್ರಿ, ಉಸಿರು ಉದ್ದಕ ಬಿಡ್ರಿ, ಎದ್ದ ನಿಂತ್ರೂ ಅಡ್ಡಿ ಇಲ್ಲ ಅಂತ ಕಲಿಸಿಕೊಟ್ಟೆ. ಅವತ್ತ ನನ್ನನ್ನೂ ಅಕ್ಕನ ಮಗಳು ಅಂತ ಹೇಳಿ ಬಾಜೂಕ ಕುಂಡ್ರಿಸ್ಕೊಂಡ್ರು.

ಶಿರಾ-ಉಪ್ಪಿಟ್ಟು ಬಂತು. ಹುಡುಗನ ಅಪ್ಪ ಗಂಭೀರ ಮನಶಾ. "ಹ್ವಾದ ವರ್ಷ ಅಟ್ಟದ ಮ್ಯಾಲಿಂದ ಬಿದ್ದು ಕಾಲು ಮುರಕೊಂಡ್ನಿರಿ," ಅಂದ. ಕಾಕಾ ಥಟ್ಟನ ಎದ್ದ ನಿಂತ್ರು.

ನಮ್ಮ ಕಡೆ ಮಂದಿ ಮರ್ಯಾದಿ ನಿಮಗ ಗೊತ್ತೈತೆಲ್ಲಾ, ಮನೀ ಯಜಮಾನ ನಿಂತಾಗ ಬೀಗರು ಕೂಡ್ತಾರೇನು? ಹುಡುಗನ ಅಪ್ಪ ಎದ್ದ, ಅವ್ವ ಎದ್ದಳು, ಹುಡುಗ ಉಪ್ಪಿಟ್ಟಿನ ಪ್ಲೇಟು ಹಿಡಕೊಂಡು ಎದ್ದ, ಹುಡುಗನ ಅಜ್ಜಿ ಇಬ್ಬರ ಭುಜಾ ಹಿಡಕೊಂಡು ನರಳಿಕೋತ ಎದ್ದಳು. ಕಾಕು "ಕೂಡ್ರಿ, ಕೂಡ್ರಿ" ಅಂದು ಕುಂಡ್ರಿಸಿದ್ರು. ಮಾತು ಶುರು ಆತು, ಕಾಕಾ ಮತ್ತ ಎದ್ರು. ಎಲ್ಲಾರೂ ಮತ್ತ ಎದ್ರು. ಹಿಂಗ ಏಳೋದು ಕೂಡೋದು ನಡದು, ಕಡೀಕ ಹುಡುಗನ ಅಪ್ಪನ ಮಾರಿ ಕೆಂಪಾತು.

"ಹೊಂಡ್ರಿ ಅನ್ನೋದಿದ್ರ ಬಾಯಿ ಬಿಟ್ಟು ಹೇಳ್ರಲ್ಲ," ಅಂದು ಹೆಗಲ ಮ್ಯಾಲಿನ ಟವೆಲ್ ಕೊಡವಿದ.

ಅಷ್ಟರಾಗ ಹುಡುಗಿ ಚಹಾದ ಟ್ರೇ ಹಿಡಕೊಂಡು ಹೊರಗ ಬಂದ್ಳು. "ಅಪ್ಪಗ ಲಕ್ವಾ ಹೊಡದಾಗಿಂದ ಮನಸ್ಸಿನ್ಯಾಗ ಇಲ್ಲದ ನಗು ಬರ್ತೈತ್ರಿ. ನಿಮ್ಮ ಮುಂದ ನಗಬಾರದು ಅಂತ ಎದ್ದೆದ್ದು ನಿಲ್ಲಾಕತ್ತಾನ. ನಿಮಗ ಇದು ನಡಿಯೋದಿಲ್ಲಂದ್ರ ಈಗ ಹೇಳ್ರಿ. ಅಪ್ಪನ್ನ ಮುಚ್ಚಿಟ್ಟು ನಾ ಮದಿವಿ ಆಗಾಕಿ ಅಲ್ಲ."

ತಡಿಯಲಾರದ ಕಾಕಾ ಮನೀ ಹಾರಿ ಹೋಗೋವಂಗ ನಕ್ಕಬಿಟ್ರು, ಕಣ್ಣಾಗ ಮಾತ್ರ ಅಂಜಿಕಿ.

ಅಜ್ಜಿ ಮೊಣಕಾಲು ತಿಕ್ಕೋತ ಕಾಕಾನ್ನ ಬಗ್ಗಿ ನೋಡಿದ್ಳು. "ಇಷ್ಟ ಏನಪ್ಪಾ? ಹೊಟ್ಟಿ ತುಂಬ ನಕ್ಕೋ. ಹುಡುಗಿ ನಮಗ ಪಸಂದ ಐತಿ, ಸಂಬಂಧ ಪಕ್ಕಾ. ಆದ್ರ ಈಗ ನೀ ಇನ್ನೊಮ್ಮೆ ಎದ್ದಿ ಅಂದ್ರ ಮಾತ್ರ ಈ ಲಗ್ನಾ ಮುರೀತು ನೋಡು."